ಸಣ್ಣ ಬೆಳೆಗಾರರ ಕಾಫಿ ನೇರವಾಗಿ ಕೊಳ್ಳಬೇಕಾ? ಯಾವ ದಾರಿ ಯಾರಿಗೆ ಸರಿ?

ಕಾಫಿ ಪುಡಿಯ ಪ್ಯಾಕೆಟ್ ಮೇಲೆ ‘ತೋಟದಿಂದ ನೇರವಾಗಿ’ ಅನ್ನುವ ಮಾತು ಈಗ ಎಲ್ಲೆಲ್ಲೂ ಕಾಣುತ್ತದೆ. ಅದು ಸುಳ್ಳೇ ಆಗಿರಬೇಕಿಲ್ಲ. ಇನ್ನೂರು ಎಕರೆ ಎಸ್ಟೇಟಿನವರು ತಮ್ಮ ಬೀಜವನ್ನು ತಾವೇ ಹುರಿದು ಮಾರಿದರೆ ಅದೂ ತೋಟದಿಂದ ನೇರವಾಗಿ ಬಂದದ್ದೇ. ಆದರೆ ಪಕ್ಕದ ಮೂರು ಎಕರೆಯ ಬೆಳೆಗಾರನಿಗೆ ಅದರಿಂದ ಒಂದು ರೂಪಾಯಿಯೂ ಸೇರುವುದಿಲ್ಲ. ಹಾಗಾಗಿ ನೇರವಾಗಿ ಬಂದಿದೆಯಾ, ಸಣ್ಣ ಬೆಳೆಗಾರನದ್ದಾ, ಅವನಿಗೆ ನ್ಯಾಯವಾದ ಬೆಲೆ ಸಿಕ್ಕಿದೆಯಾ ಅನ್ನುವ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಮೂರಕ್ಕೂ ಹೌದು ಅನ್ನುವ ಪ್ಯಾಕೆಟ್ ಅಪರೂಪ. ಆದರೆ ಹುಡುಕಿದರೆ ಸಿಗುತ್ತದೆ.

ಸಣ್ಣ ಬೆಳೆಗಾರ ಅಂದರೆ ಯಾರು? ಕೇಂದ್ರ ಸರ್ಕಾರದ ಕಾಫಿ ಬೋರ್ಡ್ ಲೆಕ್ಕದಲ್ಲಿ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆಯೊಳಗೆ ತೋಟ ಇರುವವರು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಇಂಥವೇ. ಆದರೆ ಈ ಗುಂಪಿನೊಳಗೇ ದೊಡ್ಡ ಅಂತರ ಇದೆ. 20 ಎಕರೆ ಇರುವವರಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಸಿಮೆಂಟ್ ಕಣ, ಗೋದಾಮು, ಬ್ಯಾಂಕ್ ಸಾಲ ಎಲ್ಲ ಇರಬಹುದು. 2 ಎಕರೆಯವರಿಗೆ ಅಂಗಳವೇ ಕಣ. ನಾನು ಈ ಬರಹದಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಐದಾರು ಎಕರೆಯೊಳಗಿನ ಮನೆಗಳನ್ನು. ನಿಮ್ಮ ದುಡ್ಡಿನಿಂದ ನಿಜವಾದ ವ್ಯತ್ಯಾಸ ಆಗುವುದು ಅಲ್ಲಿ.

ಯಾವ ದಾರಿ ಒಳ್ಳೆಯದು ಅಂತ ತೂಗುವಾಗ ಹೆಚ್ಚಿನವರು ಕೆ.ಜಿ.ಗೆ ಎಷ್ಟು ಕೊಟ್ಟರು ಅಂತ ಮಾತ್ರ ನೋಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಎರಡು ವಿಷಯ. ದುಡ್ಡು ಯಾವಾಗ ಕೈಗೆ ಬರುತ್ತದೆ? ಮಳೆ ಕೆಟ್ಟಾಗ, ದರ ಬಿದ್ದಾಗ ನಷ್ಟ ಯಾರ ತಲೆಗೆ ಬೀಳುತ್ತದೆ? ಮುಂದಿನದ್ದನ್ನೆಲ್ಲ ಈ ಎರಡು ಪ್ರಶ್ನೆ ಇಟ್ಟುಕೊಂಡೇ ಹೋಲಿಸುತ್ತೇನೆ.

ಈಗಿನ ಮಾರಾಟ ಹೇಗೆ ನಡೆಯುತ್ತದೆ

ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಅಂತ ಎರಡು ಮುಖ್ಯ ಜಾತಿ. ನಮ್ಮ ಮಲೆನಾಡು, ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಸುಮಾರು ನವೆಂಬರ್‌ನಿಂದ ಜನವರಿವರೆಗೆ. ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಪಲ್ಪರ್ ಮತ್ತು ನೀರಿನ ಅನುಕೂಲ ಇರುವವರು ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿ ತೆಳು ಹೊಟ್ಟು ಉಳಿದಿರುವ ಪಾರ್ಚ್‌ಮೆಂಟ್ ಮಾಡುತ್ತಾರೆ. ಇಲ್ಲದವರು ಹಣ್ಣನ್ನು ಹಾಗೇ ಹರಡಿ ಒಣಗಿಸುತ್ತಾರೆ, ಅದು ಚೆರ್ರಿ. ಒಣಗಿಸಲು ಜಾಗವೂ ಇಲ್ಲದವರು ಹಸಿ ಹಣ್ಣನ್ನೇ ಅಂದಂದೇ ಕೊಟ್ಟುಬಿಡುತ್ತಾರೆ.

ಕೊಳ್ಳುವವರು ಹತ್ತಿರದ ಪೇಟೆಯ ವ್ಯಾಪಾರಿ. ಅವರು ಒಂದಿಷ್ಟು ಚೆರ್ರಿ ತೆಗೆದು ಸುಲಿದು ತೂಗಿ ನೋಡುತ್ತಾರೆ. 50 ಕೆ.ಜಿ. ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದು ಔಟ್‌ಟರ್ನ್. ಎಲ್ಲರ ಬಾಯಲ್ಲಿ ಓಟಿ. ರೋಬಸ್ಟಾ ಚೆರ್ರಿಗೆ ಇದು ಸಾಮಾನ್ಯವಾಗಿ 26, 27, 28ರ ಆಸುಪಾಸು. ಕೊಡಗಿನಲ್ಲಿ ದರ ಹೇಳುವುದೇ ಒಂದು ಓಟಿಗೆ ಇಷ್ಟು ಅಂತ. ಅಂದರೆ ಓಟಿ ಒಂದು ಕಡಿಮೆ ಬರೆದರೆ ಒಂದು ಮೂಟೆಗೆ ಒಂದು ಕೆ.ಜಿ. ಬೀಜದ ದುಡ್ಡು ಹೋಯಿತು. ತೇವಾಂಶದ ಕಡಿತವೂ ಹಾಗೇ. ಆ ಅಳತೆ ಬೆಳೆಗಾರನ ಕಣ್ಣೆದುರು ನಡೆಯುತ್ತದೆಯಾ ಅನ್ನುವುದು ದರದಷ್ಟೇ ಮುಖ್ಯ.

ಇಷ್ಟು ಹೇಳಿದ ಮೇಲೆ ವ್ಯಾಪಾರಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಅವತ್ತೇ ದುಡ್ಡು ಎಣಿಸುತ್ತಾರೆ. ಗೊಬ್ಬರಕ್ಕೆ, ಮಗಳ ಕಾಲೇಜು ಫೀಸಿಗೆ, ಆಸ್ಪತ್ರೆಗೆ ಅಂತ ಮುಂಗಡ ಕೊಡುತ್ತಾರೆ. ಎರಡು ಮೂಟೆ ಇದ್ದರೂ ಬೇಡ ಅನ್ನುವುದಿಲ್ಲ, ಗುಣಮಟ್ಟ ಕಡಿಮೆ ಇದ್ದರೂ ಏನೋ ಒಂದು ದರಕ್ಕೆ ತೆಗೆದುಕೊಳ್ಳುತ್ತಾರೆ. ‘ಮಧ್ಯವರ್ತಿಯನ್ನು ತೆಗೆದುಹಾಕುತ್ತೇವೆ’ ಅನ್ನುವವರು ಈ ಕೆಲಸಗಳನ್ನೆಲ್ಲ ಯಾರು ಮಾಡುತ್ತಾರೆ ಅಂತ ಹೇಳಬೇಕು. ಕೆ.ಜಿ.ಗೆ 30 ರೂಪಾಯಿ ಜಾಸ್ತಿ ಕೊಟ್ಟು ದುಡ್ಡನ್ನು ಮೂರು ತಿಂಗಳು ಬಿಟ್ಟು ಹಾಕಿದರೆ ಬೆಳೆಗಾರನಿಗೆ ಅದು ಲಾಭವಲ್ಲ.

ಹಳಬರಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಬೆಳೆದದ್ದನ್ನೆಲ್ಲ, ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮುಕ್ತ ಮಾರುಕಟ್ಟೆ ಬಂತು. ಬೆಳೆಗಾರರ ಕೈಗೆ ದುಡ್ಡು ಬೇಗ ಬಂತು ನಿಜ. ಆದರೆ 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ದರ ಪೌಂಡಿಗೆ (ಸುಮಾರು 454 ಗ್ರಾಂ) 50 ಸೆಂಟ್‌ಗಿಂತ ಕೆಳಗೆ ಬಿದ್ದಾಗ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳು ಅವು. 2024ರಲ್ಲಿ ಅದೇ ಮುಕ್ತ ಮಾರುಕಟ್ಟೆ ರೋಬಸ್ಟಾ ಚೆರ್ರಿಯನ್ನು ಮೂಟೆಗೆ 10,000 ರೂಪಾಯಿ ದಾಟಿಸಿತು. ನ್ಯಾಯದ ಬೆಲೆ ಅನ್ನುವ ಯಾವ ಏರ್ಪಾಡೂ ಈ ಎರಡು ತುದಿಗಳಲ್ಲೂ ನಿಲ್ಲುವಂತಿರಬೇಕು.

ಪ್ಯಾಕೆಟ್ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಯಾವ ದಾರಿ ಹಿಡಿದರೂ ಈ ಲೆಕ್ಕ ಗೊತ್ತಿದ್ದರೆ ಯಾರೂ ನಿಮಗೆ ಸುಮ್ನೆ ಕಥೆ ಹೇಳಲು ಆಗುವುದಿಲ್ಲ.

50 ಕೆ.ಜಿ. ಪಾರ್ಚ್‌ಮೆಂಟ್ ಸುಲಿದರೆ ಸುಮಾರು 40 ಕೆ.ಜಿ. ಹಸಿರು ಬೀಜ. ಹುರಿದಾಗ ಇನ್ನೂ ನೂರಕ್ಕೆ 15ರಿಂದ 20 ತೂಕ ಹೋಗುತ್ತದೆ. ಅಂದರೆ ಕೈಗೆ ಸಿಗುವುದು ಸುಮಾರು 33 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ ಮೂಟೆಗೆ 20,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ, ಹುರಿದ ಒಂದು ಕೆ.ಜಿ.ಯಲ್ಲಿ ಬೀಜದ ದುಡ್ಡೇ ಸುಮಾರು 610 ರೂಪಾಯಿ. ಕ್ಯೂರಿಂಗ್ (ಸುಲಿದು ಬೀಜ ಆರಿಸುವ ಕೆಲಸ), ಸಾಗಣೆ, ಹುರಿಯುವ ಖರ್ಚು, ಪ್ಯಾಕೆಟ್ ಯಾವುದೂ ಸೇರಿಲ್ಲ.

ರೋಬಸ್ಟಾ ಚೆರ್ರಿ ಮೂಟೆಗೆ 10,000, ಓಟಿ 26 ಅಂತ ಇಟ್ಟುಕೊಳ್ಳಿ. 26 ಕೆ.ಜಿ. ಬೀಜ ಹುರಿದರೆ ಸುಮಾರು 21 ಕೆ.ಜಿ. ಒಂದು ಕೆ.ಜಿ.ಗೆ ಬೀಜದ ದುಡ್ಡು ಸುಮಾರು 470.

ಇದು ಉದಾಹರಣೆಗೆ ಹಿಡಿದ ದರ. ಕೊಳ್ಳುವ ದಿನದ ದರವನ್ನು ಕಾಫಿ ಬೋರ್ಡಿನ ದೈನಂದಿನ ಪ್ರಕಟಣೆಯಲ್ಲೋ ಚಿಕ್ಕಮಗಳೂರು, ಮಡಿಕೇರಿ ಕಡೆಯ ಪತ್ರಿಕೆಗಳಲ್ಲೋ ನೋಡಿ ಇದೇ ಜಾಗದಲ್ಲಿ ಹಾಕಿ. ಬಂದ ಉತ್ತರಕ್ಕಿಂತ ಕಡಿಮೆ ಬೆಲೆಗೆ ‘ಅಪ್ಪಟ ಅರೇಬಿಕಾ’ ಮಾರುತ್ತಿದ್ದರೆ ಒಂದೋ ಅದರಲ್ಲಿ ಬೇರೇನೋ ಇದೆ, ಇಲ್ಲವೇ ಯಾರಿಗೋ ಸರಿಯಾದ ದುಡ್ಡು ಸಿಕ್ಕಿಲ್ಲ. ಇನ್ನೊಂದು ತುದಿಯಲ್ಲಿ, 250 ಗ್ರಾಂ ಪ್ಯಾಕೆಟ್‌ಗೆ 600 ರೂಪಾಯಿ ಕೊಟ್ಟರೆ ಕೆ.ಜಿ.ಗೆ 2,400 ಆಯಿತು. ಬೆಳೆಗಾರನಿಗೆ ಪೇಟೆಯ ದರವೇ ಸಿಕ್ಕಿದ್ದರೆ ಅದರಲ್ಲಿ ಅವನ ಪಾಲು ಕಾಲು ಭಾಗ. ಹುರಿಯುವವರ ಅಂಗಡಿ ಬಾಡಿಗೆ, ಸಂಬಳ, ತೆರಿಗೆ ಎಲ್ಲ ಇರುತ್ತವೆ, ಒಪ್ಪುತ್ತೇನೆ. ಆದರೂ ಬೆಲೆ ದುಬಾರಿ ಆಗಿದ್ದ ಮಾತ್ರಕ್ಕೆ ಬೆಳೆಗಾರನಿಗೆ ಜಾಸ್ತಿ ಸಿಕ್ಕಿದೆ ಅಂತ ನಂಬಬೇಡಿ.

ಒಬ್ಬ ಬೆಳೆಗಾರನಿಂದಲೇ ಕೊಳ್ಳುವುದು

ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ದಾರಿ ಇದು. ಕಷ್ಟ ಜಾಸ್ತಿ ಇರುವುದೂ ಇದರಲ್ಲೇ.

ಹುಡುಕುವುದು ದೊಡ್ಡ ಸಮಸ್ಯೆ ಅಲ್ಲ. ಬೆಂಗಳೂರು, ಮೈಸೂರಿನಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಸೋಮವಾರಪೇಟೆ ಕಡೆಯ ನೆಂಟರೋ ಸಹೋದ್ಯೋಗಿಗಳೋ ಇಲ್ಲದವರು ಕಡಿಮೆ. ಅವರ ಮೂಲಕ ಅವರ ಊರಿನ ಸಣ್ಣ ತೋಟದ ಮನೆಯೊಂದು ಸಿಕ್ಕೇ ಸಿಗುತ್ತದೆ. ಕಷ್ಟ ಇರುವುದು ತೋಟದ ಮೂಟೆಗೂ ನಿಮ್ಮ ಫಿಲ್ಟರ್‌ಗೂ ನಡುವೆ. ಚೆರ್ರಿಯನ್ನು ಸುಲಿಯಬೇಕು, ಕಪ್ಪು ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ಆರಿಸಬೇಕು, ಹುರಿಯಬೇಕು, ಪುಡಿ ಮಾಡಬೇಕು. ದೊಡ್ಡ ಕ್ಯೂರಿಂಗ್ ಘಟಕಗಳು ಎರಡು ಮೂಟೆಯನ್ನು ಬೇರೆಯಾಗಿ ಮಾಡಿಕೊಡುವುದು ಕಷ್ಟ. ಆದರೆ ಮಲೆನಾಡಿನ ಪೇಟೆಗಳಲ್ಲಿ ಬೀಜ ಸುಲಿಯುವ ಸಣ್ಣ ಹಲ್ಲರ್‌ಗಳಿವೆ, ಬೆಳೆಗಾರರು ತಮ್ಮ ಮನೆ ಬಳಕೆಗೆ ಬೀಜ ತಂದು ಹುರಿಸಿ ಪುಡಿ ಮಾಡಿಸಿಕೊಂಡು ಹೋಗುವ ಕಾಫಿ ವರ್ಕ್ಸ್‌ಗಳಿವೆ. ನಿಮ್ಮ ಬೆಳೆಗಾರರು ಅದೇ ದಾರಿಯಲ್ಲಿ ಪುಡಿ ಮಾಡಿಸಿ ಕಳಿಸಬಹುದು. ಅದರ ಖರ್ಚನ್ನು ಬೀಜದ ಬೆಲೆಯಲ್ಲಿ ಸೇರಿಸದೆ ಬೇರೆಯಾಗಿ ಕೊಡಿ. ಹೀಗೆ ನಿಮ್ಮ ಮನೆಗೆ ಮಾಡಿಸಿಕೊಳ್ಳುವುದು ಸರಿ. ನೀವು ಅದನ್ನು ಇನ್ನೊಬ್ಬರಿಗೆ ಮಾರುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಗುಣಮಟ್ಟದ ವಿಷಯದಲ್ಲಿ ಕೇಳಬೇಕಾದದ್ದು ಒಂದೇ: ಕೆಂಪು ಹಣ್ಣು ಮಾತ್ರ ಕೊಯ್ದು ಕೊಡಲು ಆಗುತ್ತದಾ? ಅದು ಸಣ್ಣ ಕೆಲಸವಲ್ಲ. ಒಂದು ಗಿಡದ ಹಣ್ಣು ಒಟ್ಟಿಗೆ ಹಣ್ಣಾಗುವುದಿಲ್ಲ, ಕೊಯ್ಲಿಗೆ ಮತ್ತೆ ಮತ್ತೆ ಹೋಗಬೇಕು. ಕೂಲಿ ಜಾಸ್ತಿ ಆಗುತ್ತದೆ. ಆಳು ಸಿಗುವುದೇ ಕಷ್ಟ ಆಗಿರುವ ಕಾಲ ಇದು. ಹಾಗಾಗಿ ಕೆಂಪು ಹಣ್ಣಿನದ್ದೇ ಬೇಕು ಅಂದರೆ ಅದರ ಹೆಚ್ಚುವರಿ ಕೂಲಿ ನಿಮ್ಮದು. ಅದನ್ನು ಕೊಯ್ಯುವ ಕೈಗಳಿಗೆ ಕೊಡುತ್ತೀರಾ ಅಂತ ಬೆಳೆಗಾರರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಕಾಫಿಯ ನ್ಯಾಯ ತೋಟದ ಯಜಮಾನನ ಮನೆಬಾಗಿಲಿಗೇ ನಿಂತರೆ ಅರ್ಧಕ್ಕೇ ನಿಂತ ಹಾಗೆ. ಕಾಫಿ ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಇರುತ್ತದೆ, ಆನೆ ಓಡಾಡುವ ಕಡೆ ಬೆಳಿಗ್ಗೆ ತೋಟಕ್ಕೆ ಹೋಗುವುದೇ ಒಂದು ಭಯ.

ಒಣಗಿದ್ದು ಸರಿಯಾಗಿದೆಯಾ ಅಂತ ನೋಡಲು ಒಂದು ಹಿಡಿ ಚೆರ್ರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ಬೀಜ ಗಲಗಲ ಅನ್ನಬೇಕು. ತೇವಾಂಶ ನೂರಕ್ಕೆ 10–11ಕ್ಕಿಂತ ಹೆಚ್ಚಿದ್ದರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.

ಈಗ ಬೆಲೆಯ ವಿಷಯ. ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾನು ಹೇಳುವ ಸೂತ್ರ ಇದು: ತೂಕ ಮಾಡುವ ದಿನದ ಪೇಟೆ ದರ, ಅದರ ಮೇಲೆ ಮೊದಲೇ ಮಾತಾಡಿದ ಒಂದು ಹೆಚ್ಚುವರಿ ಮೊತ್ತ. ಜೊತೆಗೆ ಒಂದು ತಳದ ದರ. ಪೇಟೆ ಎಷ್ಟೇ ಬಿದ್ದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚೋ ಅದು ಬೆಳೆಗಾರನಿಗೆ. ಸುಮ್ನೆ ಒಂದು ಸ್ಥಿರ ದರ ಬರೆದುಕೊಂಡರೆ ಎರಡೂ ಕಡೆ ತೊಂದರೆ. 2024ರಂತೆ ದರ ಏರಿದಾಗ ಮಾತಿಗೆ ಕಟ್ಟುಬಿದ್ದ ಬೆಳೆಗಾರ ನಷ್ಟ ಅನುಭವಿಸುತ್ತಾನೆ, ಇಲ್ಲವೇ ಮಾತು ಮುರಿಯಬೇಕಾಗುತ್ತದೆ. ಸಂಬಂಧ ಅಲ್ಲಿಗೆ ಮುಗಿಯಿತು. ತಳದ ದರ ಎಷ್ಟು ಅಂತ ನೀವು ಹೇಳಬೇಡಿ, ಅವರನ್ನೇ ಕೇಳಿ. ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕಳೆ, ಕೊಯ್ಲು ಎಲ್ಲ ಸೇರಿ ಮೂಟೆಗೆ ಎಷ್ಟು ಬೀಳುತ್ತದೆ ಅಂತ ಅವರಿಗೆ ಗೊತ್ತು.

ಮುಂಗಡ ಕೊಯ್ಲಿಗೆ ಮುಂಚೆ ಹೋಗಬೇಕು, ಏಕೆಂದರೆ ಕೂಲಿ ವಾರ ವಾರ ಕೊಡಬೇಕಾದ ದುಡ್ಡು. ಅಂದಾಜು ಮೊತ್ತದ ಮೂರನೇ ಒಂದು ಭಾಗ ನ್ಯಾಯವಾದದ್ದು ಅಂತ ನನ್ನ ಅಭಿಪ್ರಾಯ. ಉಳಿದದ್ದು ತೂಕದ ದಿನವೇ. ಇನ್ನೊಂದು ಸಾಲು ಸೇರಿಸಿ: ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ಕಣದಲ್ಲಿದ್ದ ಕಾಫಿ ಹಾಳಾದರೆ ಮುಂಗಡ ಮುಂದಿನ ವರ್ಷಕ್ಕೆ ಹೋಗುತ್ತದೆ, ಬಡ್ಡಿ ಇಲ್ಲ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಈ ದಾರಿ ನಿಮಗಲ್ಲ. ಅದು ಬೇಸರದ ವಿಷಯವೇನೂ ಅಲ್ಲ, ಮುಂದಿನ ದಾರಿಗಳಲ್ಲಿ ಈ ಭಾರವನ್ನು ಬೇರೆಯವರು ಹೊರುತ್ತಾರೆ.

ಬೆಳೆಗಾರರ ಗುಂಪು, ಸಹಕಾರ ಸಂಘ, ಉತ್ಪಾದಕರ ಕಂಪನಿ

ನನ್ನನ್ನು ಕೇಳಿದರೆ ವರ್ಷಪೂರ್ತಿ ನಿಲ್ಲದೆ ಕಾಫಿ ಬೇಕಾದ ಹೋಟೆಲ್, ಕೆಫೆಯವರಿಗೆ ಇದೇ ಮೊದಲ ಆಯ್ಕೆ. ನೂರು ಮನೆಯ ಕಾಫಿ ಒಂದು ಕಡೆ ಸೇರಿದಾಗ ಪಲ್ಪರ್, ಒಣಗಿಸುವ ಕಣ, ತೇವಾಂಶ ಅಳೆಯುವ ಯಂತ್ರ ಎಲ್ಲ ಹಂಚಿಕೆಯಲ್ಲಿ ಬರುತ್ತವೆ. ಕ್ಯೂರಿಂಗ್ ಘಟಕವೂ ಆಗ ಬಾಗಿಲು ತೆರೆಯುತ್ತದೆ. ಒಂದು ಮನೆಯ ಬೆಳೆ ಕೆಟ್ಟರೂ ನಿಮಗೆ ಬರುವ ಕಾಫಿ ನಿಲ್ಲುವುದಿಲ್ಲ.

ದೇಶದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಆಂಧ್ರದ ಅರಕು. ಅಲ್ಲಿನ ಆದಿವಾಸಿ ಕುಟುಂಬಗಳದ್ದು ತೀರಾ ಸಣ್ಣ ಹಿಡುವಳಿ. ನಾಂದಿ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಕಟ್ಟಿದ ಸಹಕಾರ ಸಂಘದ ಕಾಫಿ 2017ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆಯುವವರೆಗೂ ಹೋಯಿತು. ಅದೇ ಕಣಿವೆಯಲ್ಲಿ ಸರ್ಕಾರದ ಗಿರಿಜನ ಸಹಕಾರ ನಿಗಮವೂ ಕಾಫಿ ಕೊಳ್ಳುತ್ತದೆ. ಎರಡು ಕಡೆಯವರು ಕೊಳ್ಳಲು ನಿಂತಾಗ ಬೆಳೆಗಾರನಿಗೆ ಮಾತಾಡುವ ಶಕ್ತಿ ಬರುತ್ತದೆ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ಮರಗಳ ನೆರಳಲ್ಲೇ ಕಾಫಿ ಬೆಳೆಯುತ್ತಾರೆ. ಅವರ ಕಾಫಿ ಸಿಕ್ಕಿದರೆ ಬಿಡಬೇಡಿ.

ಗುಂಪು ಅಂದ ಕೂಡಲೇ ಒಳ್ಳೆಯದು ಅಂತಲೂ ಅಲ್ಲ. ಹೆಸರಿಗೆ ಬೆಳೆಗಾರರೇ ಪಾಲುದಾರರಾದ ಉತ್ಪಾದಕರ ಕಂಪನಿ, ನಡೆಸುವುದು ಒಬ್ಬರೇ ಆಗಿದ್ದರೆ ಅದು ಇನ್ನೊಂದು ವ್ಯಾಪಾರವಷ್ಟೇ. ಸದಸ್ಯರು ಎಷ್ಟು ಜನ, ಅವರ ತೋಟ ಸರಾಸರಿ ಎಷ್ಟು ಎಕರೆ, ನಿರ್ದೇಶಕರಲ್ಲಿ ಬೆಳೆಗಾರರು ಎಷ್ಟು, ಹೆಂಗಸರು ಎಷ್ಟು ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾಫಿ ತಂದು ಹಾಕಿದ ದಿನ ಎಷ್ಟು ಕೊಡುತ್ತೀರಿ, ವರ್ಷದ ಕೊನೆಗೆ ಲಾಭ ಹಂಚುತ್ತೀರಾ ಅಂತ ಕೇಳಿ. ಚೆನ್ನಾಗಿ ನಡೆಯುವ ಸಂಘದವರು ಇದಕ್ಕೆ ಹಾಳೆ ತೆಗೆದು ತೋರಿಸುತ್ತಾರೆ. ತಡವರಿಸಿದರೆ ಯೋಚನೆ ಮಾಡಿ.

ರುಚಿಯಲ್ಲಿ ಒಂದು ಕೊರತೆ ಇರಬಹುದು. ನೂರು ಮನೆಯ ಕಾಫಿ ಬೆರೆತಾಗ ಒಂದೊಂದು ಚೀಲ ಒಂದೊಂದು ತರಹ ಬರುತ್ತದೆ. ಹಾಲು ಹಾಕಿ ಕುಡಿಯುವ ನಮ್ಮ ಫಿಲ್ಟರ್ ಕಾಫಿಗೆ ಇದು ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಮುದ್ರೆ ನೋಡಿ ಕೊಳ್ಳುವುದು

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಭಾಗ ಹೆಚ್ಚು ಉಪಯೋಗ. ನಮ್ಮ ಊರಿನ ಅಂಗಡಿಗಳಲ್ಲಿ ಪ್ರಮಾಣೀಕರಣದ ಈ ಮುದ್ರೆಗಳು ಅಷ್ಟಾಗಿ ಕಾಣುವುದಿಲ್ಲ.

ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್‌ನ ನೀಲಿ-ಹಸಿರು ಗುರುತು ಕಾಫಿಯಲ್ಲಿ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ ಸಿಗುತ್ತದೆ, ದೊಡ್ಡ ಎಸ್ಟೇಟಿಗೆ ಇಲ್ಲ. ಅದರಲ್ಲಿ ತಳದ ದರ ಇದೆ. 2023ರಲ್ಲಿ ಏರಿಸಿದ ಮೇಲೆ ತೊಳೆದ ಅರೇಬಿಕಾಗೆ ಪೌಂಡಿಗೆ 1.80 ಡಾಲರ್, ಹಣ್ಣಾಗಿಯೇ ಒಣಗಿಸಿದ ರೋಬಸ್ಟಾಗೆ 1.20 ಡಾಲರ್. ಸಾವಯವ ಆದರೆ ಇನ್ನೂ 40 ಸೆಂಟ್. ಇದಲ್ಲದೆ ಸಂಘಕ್ಕೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಸದಸ್ಯರೇ ತೀರ್ಮಾನಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ದರ ಪೌಂಡಿಗೆ 4 ಡಾಲರ್ ದಾಟಿತ್ತು. ಅಂಥ ವರ್ಷದಲ್ಲಿ ತಳದ ದರದಿಂದ ಪ್ರಯೋಜನ ಇಲ್ಲ, ಪ್ರೀಮಿಯಂ ಮಾತ್ರ ಸಿಗುತ್ತದೆ. 2001ರಂಥ ವರ್ಷ ಬಂದಾಗ ಅದೇ ತಳದ ದರ ಮನೆ ಉಳಿಸುತ್ತದೆ. ಇದನ್ನು ಬೆಲೆ ಚೆನ್ನಾಗಿರುವ ವರ್ಷದಲ್ಲಿ ಮರೆಯಬಾರದು.

ಅಮೆರಿಕದಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಿ. ಫೇರ್ ಟ್ರೇಡ್ ಯುಎಸ್‌ಎ ಬೇರೆ ಸಂಸ್ಥೆ. 2011ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದಿಂದ ಹೊರಬರುವುದಾಗಿ ಹೇಳಿ, ಆಮೇಲೆ ದೊಡ್ಡ ತೋಟಗಳ ಕಾಫಿಗೂ ಮುದ್ರೆ ಕೊಡಲು ಶುರು ಮಾಡಿತು. ಎರಡೂ ಗುರುತು ಒಂದೇ ಅಂದುಕೊಳ್ಳಬೇಡಿ.

ಕಪ್ಪೆಯ ಚಿತ್ರದ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆ ಕಾಡು, ನೀರು, ಕಾರ್ಮಿಕರ ಸ್ಥಿತಿಯ ಕಡೆ ಗಮನ ಕೊಡುತ್ತದೆ. ತಳದ ದರ ಇಲ್ಲ, ದೊಡ್ಡ ಎಸ್ಟೇಟುಗಳೂ ಪಡೆಯಬಹುದು. ಒಳ್ಳೆಯ ಮುದ್ರೆಯೇ, ಆದರೆ ಸಣ್ಣ ಬೆಳೆಗಾರನ ಬೆಲೆಗೆ ಅದು ಉತ್ತರ ಅಲ್ಲ. ಸಾವಯವ ಪ್ರಮಾಣಪತ್ರವೂ ಹಾಗೇ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಅಲ್ಲಿಯವರೆಗೆ ಇಳುವರಿ ಇಳಿಯುವ ನಷ್ಟ ಬೆಳೆಗಾರನದ್ದೇ. ಬೆಳೆಗಾರರೇ ಒಬ್ಬರ ತೋಟ ಇನ್ನೊಬ್ಬರು ಪರೀಕ್ಷಿಸುವ ಪಿಜಿಎಸ್ ಪದ್ಧತಿ ಖರ್ಚಿನಲ್ಲಿ ಹಗುರ. ಸ್ಥಳೀಯ ಮಾರಾಟಕ್ಕೆ ಅದು ಸಾಕು.

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡ್ ರೋಬಸ್ಟಾ, ಅರಕು ಕಣಿವೆ ಅರೇಬಿಕಾಗಳಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. ಅದು ಊರಿನ ಗುರುತು. ಬೆಲೆಯ ಭರವಸೆ ಅಲ್ಲ.

ಸ್ಪೆಷಾಲಿಟಿ ರೋಸ್ಟರ್‌ಗಳು

ಒಳ್ಳೆಯ ದರ್ಜೆಯ ಬೀಜ ಆರಿಸಿ ಹುರಿದು ಮಾರುವ ಇವರ ಪ್ಯಾಕೆಟ್ ಮೇಲೆ ತೋಟದ ಹೆಸರು, ಎತ್ತರ, ತಳಿ, ಹುರಿದ ದಿನಾಂಕ ಎಲ್ಲ ಇರುತ್ತದೆ. ಎಸ್ 795, ಚಂದ್ರಗಿರಿ, ಸೆಲೆಕ್ಷನ್ 9 ಅನ್ನುವ ತಳಿಗಳ ಹೆಸರು ನಮ್ಮ ಜನರ ಬಾಯಿಗೆ ಬಂದಿದ್ದೇ ಇವರಿಂದ. ಈ ತಳಿಗಳನ್ನು ಕೊಟ್ಟ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕೆಲಸಕ್ಕೆ ಕುಡಿಯುವವರಿಂದ ಇಷ್ಟು ಗೌರವ ಸಿಕ್ಕಿದ್ದು ನನಗೆ ಖುಷಿ.

ಆದರೆ ಪ್ಯಾಕೆಟ್ ಮೇಲಿನ ತೋಟಗಳಲ್ಲಿ ಬಹುಪಾಲು ಮಧ್ಯಮ ಅಥವಾ ದೊಡ್ಡ ಎಸ್ಟೇಟುಗಳು. ಕಾರಣ ಇದೆ. ಒಂದೇ ಹದದ ಬೀಜ ಹತ್ತಿಪ್ಪತ್ತು ಮೂಟೆ ಬೇಕು, ಅದು ಸಣ್ಣ ತೋಟದಲ್ಲಿ ಸಿಗುವುದಿಲ್ಲ. ಸಣ್ಣವರ ಜೊತೆಗೇ ಕೆಲಸ ಮಾಡಬೇಕು ಅಂತ ಹಟ ಹಿಡಿದವರೂ ಇದ್ದಾರೆ. ಬೆಂಗಳೂರಿನ ಬ್ಲ್ಯಾಕ್ ಬಾಝಾ ಕಾಫಿ ಸೋಲಿಗ ಬೆಳೆಗಾರರೂ ಸೇರಿದಂತೆ ಸಣ್ಣ ತೋಟಗಳ ಜೊತೆ ಕೆಲಸ ಮಾಡುತ್ತಾ ಬಂದಿದೆ. ನೆರಳಿನ ಮರ ಉಳಿಸುವುದಕ್ಕೂ ಅವರು ಒತ್ತು ಕೊಡುತ್ತಾರೆ. ಬೇರೆ ರೋಸ್ಟರ್‌ಗಳಿಗೆ ಒಂದು ಇಮೇಲ್ ಹಾಕಿ ಕೇಳಿ: ಈ ಕಾಫಿಗೆ ಬೆಳೆಗಾರನಿಗೆ ಎಷ್ಟು ಕೊಟ್ಟಿರಿ, ಕಳೆದ ವರ್ಷವೂ ಅವರಿಂದಲೇ ಕೊಂಡಿದ್ದಿರಾ? ಎರಡನೇ ಪ್ರಶ್ನೆ ಸುಲಭ, ಆದರೆ ಅದರ ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ.

ಬೀದಿಯ ಕಾಫಿ ಪುಡಿ ಅಂಗಡಿ

ಬೆಲೆಯಲ್ಲಿ ಇದನ್ನು ಯಾರೂ ಮೀರಿಸಲು ಆಗುವುದಿಲ್ಲ. ಎದುರಲ್ಲೇ ಪುಡಿ ಮಾಡುತ್ತಾರೆ, ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ) ಎಷ್ಟು, ಪ್ಲಾಂಟೇಶನ್ ಎ (ತೊಳೆದ ಅರೇಬಿಕಾದ ದೊಡ್ಡ ಬೀಜ) ಎಷ್ಟು, ಚಿಕೋರಿ (ಕಾಫಿಗೆ ಬೆರೆಸುವ ಬೇರಿನ ಪುಡಿ) ಎಷ್ಟು ಅಂತ ನೀವೇ ಹೇಳಬಹುದು. ಬೀಜ ಎಲ್ಲಿಂದ ಬಂತು ಅನ್ನುವುದು ಮಾತ್ರ ಸಿಗುವುದಿಲ್ಲ. ಅಂಗಡಿಯವರಿಗೆ ಸ್ವಂತ ತೋಟವೋ ಊರಿನ ಕಡೆಯ ಬೆಳೆಗಾರರ ಪರಿಚಯವೋ ಇದ್ದರೆ ಅವರ ಹತ್ತಿರವೇ ಮಾತಾಡಿ ನೋಡಿ. ಹತ್ತು ಮನೆಯವರು ಸೇರಿ ಕೇಳಿದರೆ ಅವರೂ ಯೋಚಿಸುತ್ತಾರೆ. ಪ್ಯಾಕೆಟ್ ಕೊಳ್ಳುವಾಗ ಚಿಕೋರಿ ಪ್ರಮಾಣ ಓದಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಇರಲೇಬೇಕು ಅನ್ನುವುದು ನಿಯಮ. ಅಂದರೆ 49ರವರೆಗೆ ಚಿಕೋರಿ ಇರಬಹುದು. ಅಂಥ ಪ್ಯಾಕೆಟ್‌ನಲ್ಲಿ ನೀವು ಕೊಡುವ ದುಡ್ಡು ಕಾಫಿ ಬೆಳೆಗಾರನಿಗೆ ತಲುಪುವುದೇ ಕಡಿಮೆ.

ಹಾಗಾದರೆ ಯಾರಿಗೆ ಯಾವುದು?

ಇಬ್ಬರು ಮೂವರ ಮನೆಗೆ ತಿಂಗಳಿಗೆ ಒಂದು ಕೆ.ಜಿ. ಪುಡಿ ಸಾಕು. ನೀವೊಬ್ಬರೇ ಬೆಳೆಗಾರನ ಜೊತೆ ಒಪ್ಪಂದ ಮಾಡಿಕೊಂಡು ಓಡಾಡುವುದು ಇಬ್ಬರಿಗೂ ಶ್ರಮ. ಸಂಘದ ಅಥವಾ ಸಣ್ಣ ಬೆಳೆಗಾರರ ಜೊತೆ ಕೆಲಸ ಮಾಡುವ ರೋಸ್ಟರ್ ಕಾಫಿ ಕೊಳ್ಳಿ. ಬೆಲೆ ಜಾಸ್ತಿ ಅನ್ನಿಸಿದರೆ ಅರ್ಧ ಅದು, ಅರ್ಧ ಅಂಗಡಿಯ ಪುಡಿ ಬೆರೆಸಿಕೊಂಡರೂ ನಡೆಯುತ್ತದೆ.

ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಗಳು, ಆಫೀಸಿನ ಗೆಳೆಯರು, ದೊಡ್ಡ ಕುಟುಂಬದ ಅಣ್ಣ ತಮ್ಮಂದಿರು ಸೇರುವುದಾದರೆ ಒಬ್ಬ ಬೆಳೆಗಾರನ ದಾರಿ ತುಂಬಾ ಚೆನ್ನಾಗಿ ಹೊಂದುತ್ತದೆ. ಇಪ್ಪತ್ತು ಮನೆಗೆ ವರ್ಷಕ್ಕೆ ಸುಮಾರು 240 ಕೆ.ಜಿ. ಪುಡಿ ಬೇಕು. ಮೇಲಿನ ಲೆಕ್ಕದಲ್ಲಿ ಅದು 11–12 ಮೂಟೆ ರೋಬಸ್ಟಾ ಚೆರ್ರಿ. ಸಣ್ಣ ತೋಟದ ಒಂದು ಮನೆಗೆ ಅಷ್ಟಕ್ಕೂ ಖಚಿತ ಗಿರಾಕಿ ಸಿಕ್ಕಂತಾಯಿತು. ಮುಂಗಡಕ್ಕೆ ಮನೆಗೆ ಎರಡು ಮೂರು ಸಾವಿರ ಹಾಕಿದರೆ ಸಾಕು. ಮೊದಲ ವರ್ಷ ಬೇಕಾದದ್ದರ ಅರ್ಧ ಮಾತ್ರ ಹೇಳಿ. ಬೀಜವನ್ನು ಹಸಿರಾಗಿಯೇ ಇಟ್ಟುಕೊಂಡು ತಿಂಗಳಿಗೊಮ್ಮೆ ಹುರಿಸಿ. ಸರಿಯಾಗಿ ಒಣಗಿದ ಹಸಿರು ಬೀಜ ತಿಂಗಳುಗಟ್ಟಲೆ ಕೆಡುವುದಿಲ್ಲ, ಪುಡಿಯ ಪರಿಮಳ ವಾರಗಳಲ್ಲೇ ಹೋಗುತ್ತದೆ.

ಹೋಟೆಲ್, ಕೆಫೆ ನಡೆಸುವವರಿಗೆ ಬೆಳೆಗಾರರ ಸಂಘವೇ ಸರಿ. ವರ್ಷಪೂರ್ತಿ ಪೂರೈಕೆ ಬೇಕು, ಬಿಲ್ ಬೇಕು, ಒಂದು ವಾರ ಕಾಫಿ ಇಲ್ಲ ಅನ್ನುವ ಹಾಗಿಲ್ಲ. ಜೊತೆಗೆ ಒಬ್ಬಿಬ್ಬರು ಬೆಳೆಗಾರರ ಕಾಫಿಯನ್ನು ವಿಶೇಷವಾಗಿ ಇಟ್ಟು ಅವರ ಊರಿನ ಹೆಸರು ಬೋರ್ಡ್ ಮೇಲೆ ಬರೆಯಬಹುದು, ಅವರ ಒಪ್ಪಿಗೆ ಪಡೆದು.

ಕೊನೆಗೆ ಒಂದು ಕೋರಿಕೆ. ಎಲ್ಲರೂ ತೊಳೆದ ಅರೇಬಿಕಾನೇ ಬೇಕು ಅನ್ನುತ್ತೀರಿ. ಆದರೆ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ರೋಬಸ್ಟಾ. ಕೊಡಗು, ವಯನಾಡಿನ ತೀರಾ ಸಣ್ಣ ತೋಟಗಳಲ್ಲಿ ಇರುವುದೂ ಅದೇ. ಅರೇಬಿಕಾ ಮಾತ್ರ ಅಂದ ಕೂಡಲೇ ಅವರೆಲ್ಲ ನಿಮ್ಮ ಲೆಕ್ಕದಿಂದ ಹೊರಗೆ ಹೋದರು. ಕೆಂಪು ಹಣ್ಣೇ ಕೊಯ್ದು, ಮಣ್ಣು ತಾಗದಂತೆ ಒಣಗಿಸಿದ ರೋಬಸ್ಟಾ ಡಿಕಾಕ್ಷನ್‌ಗೆ ಎಂಥ ಗಟ್ಟಿತನ ಕೊಡುತ್ತದೆ ಅಂತ ಒಮ್ಮೆ ನೋಡಿ. ಚಿಕೋರಿ ಬೇಕು ಅಂತಲೇ ಅನ್ನಿಸುವುದಿಲ್ಲ.

ಶುರು ಮಾಡುವವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾತಾಡಿ, ಆಗ ಗಿಡದಲ್ಲಿ ಕಾಯಿ ಎಷ್ಟಿದೆ ಅಂತ ಬೆಳೆಗಾರರಿಗೆ ಅಂದಾಜು ಇರುತ್ತದೆ. ಅರೇಬಿಕಾ ಆದರೆ ಮುಂಗಡ ಅಕ್ಟೋಬರ್ ಕೊನೆಗೆ, ರೋಬಸ್ಟಾ ಆದರೆ ಡಿಸೆಂಬರ್‌ಗೆ ಹೋಗಲಿ. ತೂಕಕ್ಕೆ ನಿಮ್ಮಲ್ಲಿ ಒಬ್ಬರಾದರೂ ಹೋಗಿ ಬನ್ನಿ. ಓಟಿ ನೋಡುವುದನ್ನು ಅಲ್ಲೇ ಕಲಿಯಬಹುದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಆಯಿತಾ ಅಂತ ಫೋನ್ ಮಾಡಿ ಕೇಳಿ, ಮುಂದಿನ ವರ್ಷಕ್ಕೆ ಎಷ್ಟು ಮೂಟೆ ಹೇಳಬಹುದು ಅಂತ ಆಗಲೇ ಮಾತಾಡಿಕೊಳ್ಳಿ.